ಕಣಿವೆ ಮಾರಮ್ಮನ ಪಾದದ ಕಾರ

ನನ್ನ ತಮ್ಮ ಮಾದೇಶ ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನೀರಿಲ್ಲದೆ ಸತ್ತ. ಬಿಸಿಲು ಹೊಡೆದು ಸತ್ತ ಎಂದು ಆಸ್ಪತ್ರೆಯಲ್ಲಿ ಬರೆದರು. ಅದು ಸುಳ್ಳಲ್ಲ. ಆದರೆ ಅವನ ನೀರನ್ನು ಒಬ್ಬ ಮನುಷ್ಯ ಎತ್ತಿಕೊಂಡು ಹೋಗಿದ್ದ. ಅವನ ಹೆಸರು ಶರವಣನ್. ಕಣಿವೆ ಮಾರಮ್ಮ ಅವನನ್ನು ನನ್ನ ಮುಂದೆ ತಂದು ಕೂರಿಸಿದಳು. ಅವಳ ಒಕ್ಕಲಾದ ನಿಮಗೆಲ್ಲ ಅದನ್ನು ತಿಳಿಸಬೇಕೆಂದು ಬರೆಯುತ್ತಿದ್ದೇನೆ. ನಾನು ಹತ್ತನೇ ತರಗತಿವರೆಗೆ ಓದಿದ್ದು ತಮಿಳಿನಲ್ಲಿ. ಕನ್ನಡ ಅಕ್ಷರ ಕಲಿಸಿದವರು ಗುಡಿಯ ಪೂಜಾರಿ ತಾತ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಪಕ್ಕದಲ್ಲಿದೆ. ಅಪ್ಪ ಇದ್ದಾಗ ಕುರಿ ಮಂದೆ ಇತ್ತು. ಅಪ್ಪ ಹೋದ ಮೇಲೆ ಮಂದೆಯೂ ಹೋಯಿತು. ನಾನು ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆಗೆ ಪಾಲಿಶ್ ಹಾಕುವ ಕೆಲಸಕ್ಕೆ ಸೇರಿದೆ. ಮಾದೇಶ ಅಲ್ಲೇ ಕಾಲೇಜಿಗೆ ಸೇರಿದ. ಅವನಿಗೆ ಬೆಟ್ಟ ಹತ್ತುವುದೆಂದರೆ ಊಟ ಬೇಡ. ಕಾಲೇಜಿನಲ್ಲಿ ಸೀನಿಯರ್ ಆಗಿದ್ದ ಶರವಣನ್ ಅವನನ್ನು ಒಂದು ಪಂದ್ಯದ ತಂಡಕ್ಕೆ ಸೇರಿಸಿಕೊಂಡ.

ಆ ಪಂದ್ಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾಲ್ಕು ಜನರ ತಂಡ. ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ ಕೊಡುತ್ತಾರೆ. ತಂಡದ ಫೋನುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಸೀಲ್ ಮಾಡುತ್ತಾರೆ, ಪ್ರಾಣಕ್ಕೆ ಬಂದರೆ ಮಾತ್ರ ಒಡೆಯಬೇಕು. ಚಿತ್ತೇರಿ ಬೆಟ್ಟದಲ್ಲಿ ಹೊರಟು, ಕಾಡಿನೊಳಗೆ ಅಲ್ಲಲ್ಲಿ ನೆಟ್ಟ ಬಾವುಟಗಳನ್ನು ಹುಡುಕಿ ಮುಟ್ಟುತ್ತಾ, ಎರಡು ದಿನ ನಡೆದು ಓಡಿ ಗುರಿ ಸೇರಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ. ಕಾಡಿನಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದು.

ಎರಡನೇ ದಿನ ಮಧ್ಯಾಹ್ನ ಒಣಗಿದ ಹಳ್ಳವೊಂದರಲ್ಲಿ ಮಾದೇಶ ವಾಂತಿ ಮಾಡಿಕೊಂಡು ಕೂತುಬಿಟ್ಟ. ಉಳಿದ ಮೂವರು ಮುಂದೆ ಹೋದರು. ಮುಂದಿನ ಬಾವುಟದ ಹತ್ತಿರ ಇದ್ದ ಮೇಲ್ವಿಚಾರಕರಿಗೆ, ಅವನು ತಾನಾಗಿಯೇ ರಸ್ತೆಗೆ ಇಳಿದು ಬಸ್ ಹತ್ತಿ ಮನೆಗೆ ಹೋದ ಎಂದು ಶರವಣನ್ ಹೇಳಿದ. ಆದ್ದರಿಂದ ಯಾರೂ ಹುಡುಕಲಿಲ್ಲ. ಮಾರನೇ ದಿನ ಸೌದೆಗೆ ಹೋದ ಹೆಂಗಸರು ಕಂಡು ಕೂಗಿಕೊಂಡರು.

ನಾನು ಸೇಲಂನಿಂದ ಧರ್ಮಪುರಿ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಆಸ್ಪತ್ರೆಯಲ್ಲಿ ಅವನ ಮೈಯೆಲ್ಲ ಒದ್ದೆ ಬಟ್ಟೆ ಹೊದಿಸಿದ್ದರು, ಎರಡು ಕೈಗೂ ಗ್ಲೂಕೋಸ್ ಏರಿಸುತ್ತಿದ್ದರು. ತುಟಿ ಒಡೆದು ಕಪ್ಪಾಗಿತ್ತು. ನಾನು ಬಗ್ಗಿದಾಗ ಕಣ್ಣು ಬಿಟ್ಟ.

"ಅಕ್ಕ, ಶರವಣ ನನ್ ಬಾಟ್ಲಿನೂ ಎತ್ಕೊಂಡೋದ. ಕೇಳ್ದೆ, ಕೊಡ್ಲಿಲ್ಲ."

ಅಷ್ಟೇ ಅವನ ಕೊನೆಯ ಮಾತು. ಅದು ಸ್ಟೀಲ್ ಬಾಟಲಿ. ಅವ್ವ ಸೇಲಂನ ಪಾತ್ರೆ ಅಂಗಡಿಯಲ್ಲಿ ಕೊಂಡು, ಅಲ್ಲೇ ಕೂತು ಅವನ ಹೆಸರು ಕೊರೆಸಿ ಕೊಟ್ಟಿದ್ದಳು.

ನಾನು ಈ ಮಾತನ್ನು ಠಾಣೆಯಲ್ಲಿ ಹೇಳಿದೆ, ಪಂದ್ಯ ನಡೆಸಿದವರಿಗೆ ಹೇಳಿದೆ. ಸಾಯುವ ಹೊತ್ತಿನಲ್ಲಿ ಜ್ವರದ ತಲೆ ಏನೇನೋ ಆಡುತ್ತದಮ್ಮ ಎಂದರು. ಜೊತೆಗಿದ್ದ ಇಬ್ಬರೂ ಬಾಯಿ ಬಿಡಲಿಲ್ಲ. ಶರವಣನ್ ಸಾವಿಗೆ ಬಂದ, ಮಾಲೆ ಹಾಕಿದ, ಅವ್ವನ ಕಾಲು ಮುಟ್ಟಿದ. ಆ ತಿಂಗಳೇ ಕೊರಳಲ್ಲಿ ಪದಕ ಹಾಕಿಕೊಂಡ ಅವನ ಫೋಟೋ ಎಲ್ಲರ ಫೋನಿಗೂ ಬಂತು. ಬೆಳ್ಳಿ ಕೆಲಸದ ಪಟ್ಟರೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಗೊತ್ತಿಲ್ಲದೆ ನನಗೇ ತೋರಿಸಿದಳು. ಅವನು ನಗುತ್ತಿದ್ದ. ನನ್ನ ಕೈಯಲ್ಲಿದ್ದ ಗೆಜ್ಜೆ ಪಾಲಿಶ್ ಚಕ್ರಕ್ಕೆ ಸಿಕ್ಕಿ ಹಾರಿತು.

ಆಷಾಢದಲ್ಲಿ, ಆಡಿ ಅಮಾವಾಸ್ಯೆಯ ದಿನ ನಾನು ಕಣಿವೆ ಮಾರಮ್ಮನ ಗುಡಿಗೆ ಹೋದೆ. ಅಲ್ಲಿನ ಪದ್ಧತಿ ನಿಮಗೆ ಗೊತ್ತಿದೆ. ಅನ್ಯಾಯವಾದವರು ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಹೋಗಿ, ಗುಡಿಯ ಮುಂದಿನ ಒರಳಿನಲ್ಲಿ ಒಣಮೆಣಸಿನಕಾಯಿ ಅರೆದು, ಅಮ್ಮನ ಮುಖದಿಂದ ಪಾದದವರೆಗೆ ಹಚ್ಚಬೇಕು. ಮಾಡಿದವನ ಹೆಸರು ಹೇಳಿ, ಏನಾಗಬೇಕೋ ಅದನ್ನು ಬಾಯಿಬಿಟ್ಟು ಹೇಳಬೇಕು. ನ್ಯಾಯ ಸಿಗುವವರೆಗೆ ಅವಳ ಮೈ ಉರಿಯುತ್ತದೆ. ಸಿಕ್ಕ ಮೇಲೆ ಅರೆದ ಕೈಯೇ ಬಂದು ತೊಳೆಯಬೇಕು. ಅಲ್ಲಿಯವರೆಗೆ ಅರೆದವರೂ ಕಾರ ತಿನ್ನುವಂತಿಲ್ಲ.

ನಾನು ಅರೆದೆ. ಮೊಣಕೈವರೆಗೂ ಉರಿ ಹತ್ತಿತು. ಹಚ್ಚಿ ಮುಗಿಸಿ, ಶರವಣನ್ ಹೆಸರು ಹೇಳಿ, ಅವನು ನನ್ನ ತಮ್ಮ ಕೂತ ಹಾಗೆ ಕೂರಬೇಕು, ನನ್ನ ಹತ್ತಿರ ನೀರು ಕೇಳಬೇಕು ಎಂದೆ. ಮುಂದಿನದು ಹೇಳುವಷ್ಟರಲ್ಲಿ ಮೆಣಸಿನ ಘಾಟು ಹತ್ತಿ ಕೆಮ್ಮು ಬಂತು, ಮಾತು ನಿಂತಿತು. ಹಾಗೇ ಎದ್ದು ಬಂದೆ.

ಮನೆಗೆ ಬಂದಾಗ ಅವ್ವ ಏನು ಕೇಳಿದೆ ಎಂದು ವಿಚಾರಿಸಿದಳು. ಹೇಳಿದೆ.

"ಅಷ್ಟೇನಾ? ಆಮೇಕೆ ಅವ್ನು ಏನಾಗ್ಬೇಕು ಅಂತ ಏಳ್ಲಿಲ್ವಾ?"

"ಇಲ್ಲ ಕಣವ್ವ."

"ಎಂತಾ ಎಣ್ಣು ಲೇ ನೀನು. ಅವಳು ಕೇಳಿದ್ದಷ್ಟೇ ಕೊಡಾಳು. ಒಂದ್ ಚೂರು ಎಚ್ಗೆ ಕೊಡಲ್ಲ."

ಒಂದು ಸಲ ಹಚ್ಚಿದ ಮೇಲೆ ಮಾತು ತಿದ್ದುವಂತಿಲ್ಲ. ಆ ತಪ್ಪು ನನ್ನನ್ನು ತಿಂಗಳುಗಟ್ಟಲೆ ತಿಂದಿತು. ಅಂದಿನಿಂದ ಮಜ್ಜಿಗೆ ಮುದ್ದೆ, ಮೊಸರನ್ನ, ಅಷ್ಟೇ ನನ್ನ ಊಟ.

ಈ ವರ್ಷ ಮತ್ತೆ ಅದೇ ಪಂದ್ಯ ಎಂದು ತಿಳಿಯಿತು. ಮಾದೇಶನ ಗೆಳೆಯ ಕುಮಾರ ನಮ್ಮೂರಿನವನೇ. ಅವನ ತಂಡಕ್ಕೆ ಒಬ್ಬರು ಕಡಿಮೆ ಇದ್ದರು. ನನ್ನನ್ನು ಸೇರಿಸಿಕೋ ಎಂದೆ.

"ಅಕ್ಕ, ಇದು ಸೀರೆ ಉಟ್ಕೊಂಡು ಗುಡಿ ಸುತ್ತೋ ಆಟ ಅಲ್ಲ."

"ನಿಮ್ಮಪ್ಪ ಬಸ್ಸಲ್ಲಿ ಕೂತು ತೂಕಡಿಸ್ತಿದ್ದಾಗ ನಾನು ಕುರಿ ಇಂದೆ ಇಂತಾ ಬೆಟ್ಟ ಅತ್ತಿದ್ದೆ ಕಣ್ಲಾ."

ನಕ್ಕು ಒಪ್ಪಿಕೊಂಡ. ನಾನು ಯಾಕೆ ಬರುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು, ಕೇಳಲಿಲ್ಲ. ಭಾನುವಾರಗಳಲ್ಲಿ ಸೇಲಂ ಪಕ್ಕದ ಗುಡ್ಡಗಳಿಗೆ ಕರೆದುಕೊಂಡು ಹೋಗಿ ದಿಕ್ಸೂಚಿ ನೋಡುವುದನ್ನು ಕಲಿಸಿದ. ಪಂದ್ಯದ ದಿನ ಪ್ಯಾಂಟು, ಅದರ ಮೇಲೆ ಮಾದೇಶನ ಅಂಗಿ ಹಾಕಿಕೊಂಡು, ಬಿಸಿಲಿಗೆಂದು ತಲೆಗೆ ದುಪಟ್ಟಾ ಸುತ್ತಿಕೊಂಡೆ.

ಹೊರಡುವ ಜಾಗದಲ್ಲಿ ಶರವಣನ್ ತಾನಾಗಿಯೇ ಬಂದ. ಜೊತೆಗೆ ಅದೇ ಇಬ್ಬರು ಗೆಳೆಯರು, ಇನ್ನೊಬ್ಬ ಹೊಸಬ. ತಮ್ಮನ ನೆನಪಿಗಾಗಿ ಬಂದಿದ್ದೀರಿ ಅಕ್ಕ, ಬಹಳ ಸಂತೋಷ ಎಂದು ತಮಿಳಿನಲ್ಲಿ ಹೇಳಿ, ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ನಾನು ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ. ನೀರು ನುಂಗುವಾಗ ಮೇಲೆ ಕೆಳಗೆ ಆಡುವ ಗಂಟಲ ಗಂಟು ಇದೆಯಲ್ಲ, ಅದನ್ನು.

ನಮ್ಮ ತಂಡದಲ್ಲಿ ಕುಮಾರ ನಕ್ಷೆ ಹಿಡಿದು ಮುಂದೆ, ಅವನಿಗೆ ತಮ್ಮಂದಿರಾಗಬೇಕಾದ ಚಿಕ್ಕಪ್ಪನ ಇಬ್ಬರು ಮಕ್ಕಳು ನಡುವೆ, ನಾನು ಹಿಂದೆ. ಮಂದೆ ಹೊಡೆಯುವಾಗಲೂ ನನ್ನ ಜಾಗ ಅದೇ ಆಗಿತ್ತು. ಮೊದಲ ದಿನ ಶರವಣನ್ ತಂಡ ಎಲ್ಲರಿಗಿಂತ ಮುಂದಿತ್ತು. ಎರಡನೇ ದಿನ ಬಿಸಿಲೇರಿದ ಮೇಲೆ ನಾವು ಒಂದು ಹಳ್ಳದ ಮರಳಿನಲ್ಲಿ ನಡೆಯುತ್ತಿದ್ದೆವು. ಎಡಗಡೆಯ ಗುಡ್ಡದ ತುಂಬ ಕುರಿ ಜಾಡು ಕಂಡಿತು. ದೂರದಿಂದ ನೋಡಿದರೆ ಚೆನ್ನಾಗಿ ಸವೆದ ಕಾಲುದಾರಿಯ ಹಾಗೆಯೇ ಇರುತ್ತದೆ. ಆದರೆ ಮೇವಿಗೆ ಹೋದ ಕುರಿ ಊರಿಗೆ ಹೋಗುವುದಿಲ್ಲ, ಎಲೆ ಇದ್ದ ಕಡೆ ಹೋಗುತ್ತದೆ. ಆ ಜಾಡು ಪೊದೆಯಲ್ಲಿ ಮುಗಿಯುತ್ತದೆ. ಆ ಜಾಡಿನ ಮೇಲೆ ಬೂಟಿನ ಹೊಸ ಗುರುತುಗಳು ಕಂಡವು. ಆ ಕಡೆಯಿಂದ ಒಂದು ಸೀಟಿ ಸಣ್ಣಗೆ ಕೇಳಿಸಿತು.

ಹೋಗಿ ನೋಡಿದರೆ ಶರವಣನ್ ಬಂಡೆಗೆ ಒರಗಿ ಕೂತಿದ್ದ. ಒಂಟಿ. ಎಡಗಾಲು ಪಾದದ ಹತ್ತಿರ ತಿರುಚಿಕೊಂಡು ಊದಿತ್ತು. ಅಂಗಿಯ ಮೇಲೆ ವಾಂತಿ. ದಾರಿ ತಪ್ಪಿಸಿದೆ ಎಂದು ಅವನೊಡನೆ ಜಗಳವಾಡಿ, ಜನ ಕರೆತರುತ್ತೇವೆ ಎಂದು ಹೇಳಿ, ಮೂವರೂ ಬೆಳಿಗ್ಗೆಯೇ ಹೊರಟುಹೋಗಿದ್ದರಂತೆ. ಹೋದ ವರ್ಷ ಅವನಿಗಾಗಿ ಬಾಯಿ ಮುಚ್ಚಿಕೊಂಡ ಅದೇ ಇಬ್ಬರು ಈ ವರ್ಷ ಅವನನ್ನೇ ಬಿಟ್ಟು ನಡೆದಿದ್ದರು.

ಅವನು ನನ್ನ ಕಡೆ ಕೈ ಚಾಚಿದ.

"ಅಕ್ಕಾ, ತಣ್ಣಿ."

ನನ್ನ ಮೈಯೆಲ್ಲ ಕಾರ ಹಚ್ಚಿದ ಹಾಗಾಯಿತು. ನಾನು ಕೇಳಿದ್ದು ಕೇಳಿದ ಹಾಗೆ ಎದುರಿಗಿತ್ತು. ಅವನು ಕೂತಿದ್ದ. ನನ್ನ ಹತ್ತಿರ ನೀರು ಕೇಳಿದ್ದ. ಇದರ ಮುಂದಿನದು ಅಮ್ಮನಿಗೆ ನಾನು ಹೇಳಿರಲಿಲ್ಲ. ಮುಂದಿನದನ್ನು ಅವಳು ನನಗೇ ಬಿಟ್ಟಿದ್ದಳು.

ಬಾಟಲಿಯ ಮುಚ್ಚಳ ತೆಗೆದೆ. ಅವನ ಕಣ್ಣು ಅದರ ಬಾಯಿ ಬಿಟ್ಟು ಕದಲಲಿಲ್ಲ. ಸ್ವಲ್ಪ ನೀರನ್ನು ಅವನ ಕಾಲ ಹತ್ತಿರ ಮಣ್ಣಿಗೆ ಸುರಿದೆ. ಮಣ್ಣು ಸೊರ್ರೆಂದು ಕುಡಿಯಿತು.

"ಇದು ಮಾದೇಶಂದು," ಎಂದೆ. "ಅವ್ನು ನಿನಗಿಂತ ಮೊದ್ಲು ಕೇಳಿದ್ದ."

ಕುಮಾರ ನನ್ನ ತೋಳು ಹಿಡಿದ. "ಕೊಡಕ್ಕ, ಸತ್ತೋಗ್ತಾನೆ."

"ಸಾಯಲ್ಲ. ಸಾಯಾಕೆ ನಾನು ಬುಡಲ್ಲ. ಸತ್ತೋರ ಮಾತು ಯಾರೂ ಕೇಳಲ್ಲ ಅಂತ ನಂಗೊತ್ತು."

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅಷ್ಟು ದಿನ ಅವನ ಸಾವು ಬೇಕೆಂದೇ ಅಂದುಕೊಂಡಿದ್ದವಳು ನಾನು. ಆ ಬಂಡೆಯ ಮುಂದೆ ನಿಂತಾಗ, ಅವನು ಬದುಕಿ ಮಾತಾಡುವುದು ಸಾವಿಗಿಂತ ದೊಡ್ಡ ಶಿಕ್ಷೆ ಎಂದು ಹೊಳೆಯಿತು. ಒಂದು ಗುಟುಕು ಕೊಟ್ಟೆ. ನನ್ನ ತಮ್ಮನ ಬಾಟಲಿಯನ್ನು ಏನು ಮಾಡಿದೆ ಎಂದು ಕೇಳಿದೆ.

ಹೇಳಿದ. ತನ್ನ ನೀರು ಮುಗಿದಿತ್ತು, ಮಾದೇಶ ಹೇಗೂ ಪಂದ್ಯ ಬಿಡುತ್ತಾನೆ, ಯಾರಾದರೂ ಬರುತ್ತಾರೆ ಎಂದುಕೊಂಡು ಎತ್ತಿಕೊಂಡೆ ಎಂದ. ಬಾಟಲಿಯ ಮೇಲಿನ ಹೆಸರನ್ನು ಮೇಲ್ವಿಚಾರಕರು ಓದಿಬಿಡುತ್ತಾರೆಂದು, ಮುಂದಿನ ಬಾವುಟಕ್ಕೆ ಮೊದಲೇ ಒಂದು ಬಂಡೆ ಸಂದಿಗೆ ತುರುಕಿದೆ ಎಂದ. ಕುಮಾರನೂ ಅವನ ತಮ್ಮಂದಿರೂ ಕೇಳಿಸಿಕೊಂಡರು. ಆಮೇಲೆ ಗುಟುಕು ಗುಟುಕಾಗಿ ಕುಡಿಸಿದೆ. ನನ್ನ ದುಪಟ್ಟಾ ಒದ್ದೆ ಮಾಡಿ ತಲೆಗೆ ಹಾಕಿದೆ. ಕುಮಾರನ ತಮ್ಮಂದಿರು ಫೋನಿನ ಸೀಲ್ ಒಡೆದು, ಸಿಗ್ನಲ್ ಹುಡುಕಿಕೊಂಡು ದಿಣ್ಣೆ ಹತ್ತಿದರು. ನಮ್ಮ ಪಂದ್ಯ ಅಲ್ಲಿಗೇ ಮುಗಿಯಿತು. ಸ್ಟ್ರೆಚರ್ ತಂದವರ ಮುಂದೆ ಅವನ ಕೈಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿಸಿದೆ.

ಇಲ್ಲಿಗೆ ಮುಗಿಯಿತೆಂದು ನಾನು ಅಂದುಕೊಂಡೆ. ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡು ಚೇತರಿಸಿದ ಮೇಲೆ ಅವನು ಮಾತು ತಿರುಗಿಸಿದ. ಬಾಯಾರಿಕೆಯಲ್ಲಿ ತಲೆ ಕೆಟ್ಟಿತ್ತು, ನೀರಿಗಾಗಿ ಅವಳು ಹೇಳಿಸಿದ ಹಾಗೆ ಹೇಳಿದೆ ಎಂದ. ಅವನ ಮನೆಯವರು ವಕೀಲರನ್ನು ಕರೆತಂದರು. ಠಾಣೆಯಲ್ಲಿ, ಜ್ವರದ ಮಾತಮ್ಮ, ನಿಲ್ಲುವುದಿಲ್ಲ ಎಂದರು. ಮಾದೇಶನ ಮಾತಿಗೂ ಅದನ್ನೇ ಹೇಳಿದ್ದರು.

ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅವನಿಗೆ ಕುಡಿಸಿದ ಒಂದೊಂದು ಗುಟುಕೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಅಮ್ಮ ಕೇಳಿದ್ದಷ್ಟೇ ಕೊಟ್ಟು ಕೈ ತೊಳೆದುಕೊಂಡಳು ಎಂದು ಅವ್ವನ ಮುಂದೆ ಬೈದೆ. ಅವ್ವ ರಾಗಿ ಕೇರುತ್ತಿದ್ದಳು. ಅವಳು ನಕ್ಷೆ ನೋಡಿದವಳಲ್ಲ, ಠಾಣೆ ಮೆಟ್ಟಿಲು ಹತ್ತಿದವಳಲ್ಲ.

"ಬಾಟ್ಲು ಎಲ್ಲೈತೆ ಅಂದ?"

"ಬಂಡೆ ಸಂದೀಲಿ ಆಕ್ದೆ ಅಂದ."

"ತಂದ್ರಾ?"

ನಾನು ಎದ್ದು ಕೂತೆ. ನಾವೆಲ್ಲ ಅವನ ಮಾತಿನ ಹಿಂದೆ ಹೋಗಿದ್ದೆವು. ಬಾಟಲಿಯ ಹಿಂದೆ ಯಾರೂ ಹೋಗಿರಲಿಲ್ಲ.

"ಪಾತ್ರೆ ಮ್ಯಾಗೆ ಎಸರು ಯಾಕ್ ಕೊರಸ್ತೀವಿ? ಕಳ್ದೋದ್ರೆ ಸಿಗ್ಲಿ ಅಂತ. ಓಗಿ ತಕ್ಕೊಂಡ್ ಬಾ. ಅದು ನನ್ ಮಗನ್ದು."

ನಾವೇ ಮುಟ್ಟಿದರೆ ನಾವೇ ಇಟ್ಟೆವೆನ್ನುತ್ತಾರೆ ಎಂದು ಕುಮಾರ ಹೇಳಿದ. ನಾನು ಠಾಣೆಯ ಬಾಗಿಲಲ್ಲಿ ಕೂತೆ. ಬೆಳಿಗ್ಗೆ ಹೋಗಿ ಕೂರುವುದು, ಸಂಜೆ ಎದ್ದು ಬರುವುದು. ಕೊನೆಗೆ ಪೊಲೀಸರು ಪಂಚರನ್ನೂ ಪಂದ್ಯದ ಮೇಲ್ವಿಚಾರಕನನ್ನೂ ಕರೆದುಕೊಂಡು ಹೊರಟರು. ಕಳೆದ ವರ್ಷ ಬಾವುಟ ನೆಟ್ಟಿದ್ದ ಜಾಗವನ್ನು ಮೇಲ್ವಿಚಾರಕ ತೋರಿಸಿದ. ಅದಕ್ಕೆ ಸ್ವಲ್ಪ ಹಿಂದೆ, ಒಡೆದ ಬಂಡೆಯೊಂದರ ಸಂದಿಗೆ ಒಬ್ಬ ಪೇದೆ ಕೈ ಹಾಕಿದ. ಒಣ ಎಲೆ ಬಂತು, ಹಾವಿನ ಪೊರೆ ಬಂತು. ಆಮೇಲೆ ಬಾಟಲಿ ಬಂತು. ಮಣ್ಣು ಒರೆಸಿ ಬಿಸಿಲಿಗೆ ಹಿಡಿದು ಪೇದೆಯೇ ಓದಿದ. ಮಾದೇಶ್.

ತಲೆ ಕೆಟ್ಟವನು ಹೇಳಿದ ಜಾಗದಲ್ಲಿ ಬಾಟಲಿ ಇರುವುದಿಲ್ಲ ತಾಯಂದಿರೇ. ಆ ಸುದ್ದಿ ಮುಟ್ಟಿದ ಕೂಡಲೇ ಅವನ ಇಬ್ಬರು ಗೆಳೆಯರು ನಾ ಮುಂದು ತಾ ಮುಂದು ಎಂದು ಠಾಣೆಗೆ ಬಂದು ನಡೆದದ್ದನ್ನು ಹೇಳಿದರು. ಮುಚ್ಚಿದ ಕೇಸನ್ನು ತೆರೆದರು. ಪಂದ್ಯದವರು ಪದಕ ವಾಪಸ್ ತೆಗೆದುಕೊಂಡರು. ಶರವಣನ್ ಈಗ ಊರುಗೋಲು ಹಿಡಿದು ಕೋರ್ಟಿಗೆ ಬರುತ್ತಾನೆ. ಪ್ರತಿ ವಾಯಿದೆಗೂ ನಾನು ಅವನಿಗೆ ಕಾಣುವ ಹಾಗೆ ಎದುರು ಬೆಂಚಿನಲ್ಲೇ ಕೂರುತ್ತೇನೆ. ನೀರು ಕುಡಿಯಬೇಕಾದರೆ ಅವನು ಎದ್ದು ಹೊರಗೆ ಹೋಗುತ್ತಾನೆ.

ಅವನನ್ನು ಕ್ಷಮಿಸಿದೆಯಾ ಎಂದು ಒಕ್ಕಲಿನ ಕೆಲವರು ಕೇಳಿದ್ದಾರೆ. ಇಲ್ಲ. ಕ್ಷಮಿಸು ಎಂದು ಅಮ್ಮ ನನಗೆ ಹೇಳಿಲ್ಲ. ಅರೆದ ಕೈ ಬಂದು ತೊಳೆಯಲಿ ಎಂದಷ್ಟೇ ಅವಳ ಕಟ್ಟಳೆ.

ಹೋದ ಅಮಾವಾಸ್ಯೆಗೆ ಅವ್ವನನ್ನೂ ಕರೆದುಕೊಂಡು ಹೋದೆ. ಎಳನೀರು, ಅರಿಶಿನದ ನೀರು, ಬೇವಿನ ಸೊಪ್ಪು ತೆಗೆದುಕೊಂಡಿದ್ದೆ. ನಾನು ಹಚ್ಚಿದ ಕಾರ ಒಣಗಿ ಹಕ್ಕಳೆಯಾಗಿ ಅಂಟಿಕೊಂಡಿತ್ತು. ಮೊದಲು ಮುಖ ತೊಳೆದೆ. ಕಣ್ಣು ಕಂಡವು. ಕೊರಳು ತೊಳೆದೆ, ಎದೆ ತೊಳೆದೆ, ಕೈಗಳನ್ನು ತೊಳೆದೆ. ಬೆರಳ ಸಂದಿಯ ಕಾರವನ್ನೂ ಬೇವಿನ ಕಡ್ಡಿಯಿಂದ ಬಿಡಿಸಿದೆ. ನನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದು ನೀನೇ ತಾಯಿ, ನಾನು ಪೂರ್ತಿ ಹೇಳಿದ್ದರೆ ಅವನು ಸತ್ತು ತಪ್ಪಿಸಿಕೊಳ್ಳುತ್ತಿದ್ದ ಎಂದು ಅವಳಿಗೆ ಹೇಳಿ ಅಡ್ಡಬಿದ್ದೆ. ಎದ್ದು ಪಾತ್ರೆಗಳನ್ನು ಚೀಲಕ್ಕೆ ಹಾಕತೊಡಗಿದೆ.

ಅವ್ವ ನೋಡುತ್ತಾ ನಿಂತಿದ್ದಳು. "ಪಾದ ಯಾಕ್ ಬುಟ್ಟೆ?"

"ತೀರ್ಪು ಬಂದ ಮ್ಯಾಕೆ ಕೋರ್ಟ್ನೋರು ಬಾಟ್ಲು ಕೈಗೆ ಕೊಡ್ತಾರಂತೆ ಅವ್ವ. ಅದ್ರಲ್ಲೇ ನೀರ್ ತಂದು ತೊಳಿತೀನಿ."

"ಅಲ್ಲೀಗಂಟ ಉರಿಯಲ್ವಾ ಅವಳ್ಗೆ?"

"ಉರೀಲಿ. ಅವಳಿನ್ನೂ ನಡೀಬೇಕು. ಕಾಲು ಉರೀತಿದ್ರೆ ಎಲ್ಲೂ ಕೂರಲ್ಲ."

ಅವ್ವ ಬಗ್ಗಿ, ನಾನು ತೊಳೆದ ನೀರು ಹರಿದು ಪಾದಕ್ಕೆ ತಾಗದ ಹಾಗೆ, ಸೆರಗಿನಿಂದ ಒರೆಸಿದಳು. ಮನೆಗೆ ಬಂದು ಇಬ್ಬರೂ ಮಜ್ಜಿಗೆಯಲ್ಲಿ ಮುದ್ದೆ ತಿಂದೆವು.