ಕೆಂಪತ್ತೆಯ ಒಂದು ಗಂಟೆ

ಕೆಂಪತ್ತೆ ಯಾರನ್ನು ಕಂಡರೂ ಮೊದಲು ಊರು ಕೇಳುತ್ತಿದ್ದರು, ಆಮೇಲೆ ಮನೆತನ. ಹೆಸರು ಕೇಳುವುದು ನೆನಪಾದರೆ ಉಂಟು. ಟಿಕೆಟ್ ಕೊಡಲು ಬಂದ ಬಸ್ ಕಂಡಕ್ಟರನಿಗೆ ಹೆಣ್ಣು ಗೊತ್ತುಮಾಡಿ ಕಳಿಸಿದ ಮಹಾತಾಯಿ! ನನ್ನ ಗಂಡನ ಸೋದರತ್ತೆ. ಸಾಸಲಿನಲ್ಲಿ ರಾಗಿ ಹೊಲ ನೋಡಿಕೊಂಡು, ಉಳಿದ ಹೊತ್ತೆಲ್ಲ ಸಂಬಂಧ ಕೂಡಿಸುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅವರು ಉಪ್ಪಿಟ್ಟು ತಿನ್ನದ ಮನೆ ನಮ್ಮ ಕಡೆ ಕಡಿಮೆ.

ನನ್ನ ಮಗಳು ಸಿರಿಗೆ ಆರು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಎಂದರು. ಬೆಂಗಳೂರಿನ ಆಸ್ಪತ್ರೆಗೆ ಓಡಾಟ ಶುರುವಾಯಿತು. ಕೆಂಪತ್ತೆ ಯಾರೂ ಕರೆಯದೆ ಬಟ್ಟೆ ಗಂಟು ಹಿಡಿದು ಬಂದುಬಿಟ್ಟರು. ಕೂದಲುದುರಿದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇವಳ ಮದುವೆಗೆ ಯಾವ ಛತ್ರ ಹಿಡಿಯುವುದು ಎಂದು ವಾರ್ಡಿನವರ ಜೊತೆ ಚರ್ಚಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಸ್ಪರಾಜಿನೇಸ್ ಎಂಬ ಔಷಧಿ ಮೊದಲ ಸಲ ಸುಮ್ಮನಿತ್ತು. ಮುಂದಿನ ಸಲ ಚುಚ್ಚಿದ ಸ್ವಲ್ಪ ಹೊತ್ತಿಗೇ ಸಿರಿಯ ಮೈತುಂಬ ಗಂಧೆ ಎದ್ದು, ತುಟಿ ಊದಿ, ಕೆಮ್ಮು ಹತ್ತಿಕೊಂಡಿತು. ನರ್ಸುಗಳು ಓಡಿಬಂದು ಬೇರೆ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು. ಅಲರ್ಜಿ, ಇನ್ನು ಇದನ್ನು ಕೊಡುವಂತಿಲ್ಲ, ಹಾಗಂತ ಬಿಡುವಂತೆಯೂ ಇಲ್ಲ, ಬೇರೆ ಬಗೆಯದು ತರಿಸುತ್ತೇವೆ ಎಂದರು ಡಾಕ್ಟರು. ಅದೂ ಹಿಡಿಸದಿದ್ದರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೆಂಪತ್ತೆ ಮಾತ್ರ ಕೇಳಿದರು. "ಆ ಔಷ್ದಿ ಯಾವ್ ಕಡೇದು ಸಾರ್?"

ಅದು ಒಂದು ಬಗೆಯ ಬ್ಯಾಕ್ಟೀರಿಯಾದಿಂದ ತೆಗೆದದ್ದು, ಮಗುವಿನ ಮೈ ಅದನ್ನು ಹೊರಗಿನದೆಂದು ಜಗಳಕ್ಕೆ ನಿಂತಿದೆ, ಹೊಸದು ಇನ್ನೊಂದು ಬಗೆಯ ಬ್ಯಾಕ್ಟೀರಿಯಾದ್ದು ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು.

"ಹಂಗಾದ್ರೆ ದಾಯಾದಿಗಳೇ ಆದ್ರಲ್ಲ. ಇವ್ರೂ ಅದೇ ಜಗಳ ತೆಗೆಯಲ್ವಾ?"

ಎರಡಕ್ಕೂ ಅಷ್ಟು ಹೋಲಿಕೆಯಿಲ್ಲ ಅಜ್ಜಿ ಎಂದರು ಡಾಕ್ಟರು. ಎರಡು ಮನೆಗೂ ಹೋಗಿ ಬರೋದು ಇಲ್ಲ ಅನ್ನಿ ಎಂದು ಕೆಂಪತ್ತೆ ಸಮಾಧಾನಪಟ್ಟುಕೊಂಡರು.

ಹೊಸ ಔಷಧಿ ಬಂದ ದಿನ ಕೆಂಪತ್ತೆ ರೇಷ್ಮೆ ಸೀರೆಯುಟ್ಟು, ಡಬ್ಬಿ ತುಂಬ ಉಪ್ಪಿಟ್ಟು ತಂದಿದ್ದರು. ಗಂಡಿನ ಕಡೆಯವರು ಬರುವ ದಿನ ಹೀಗಾ ಇರುವುದು ಎಂದು ನನ್ನ ಹಳೇ ಚೂಡಿದಾರ ನೋಡಿ ಗದರಿದರು. ನರ್ಸು ಮಗುವಿನ ತೊಡೆಗೆ ಚುಚ್ಚಿ, ಒಂದು ಗಂಟೆ ಕೂರಿಸಿ ನೋಡಬೇಕು ಎಂದದ್ದೇ ತಡ, ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು. ಸ್ವಲ್ಪ ಹೊತ್ತಿನಲ್ಲಿ ಸಿರಿಯ ಕತ್ತಿನ ಮೇಲೆ ಕೆಂಪು ಗುಳ್ಳೆಯೊಂದು ಕಂಡು, ವಾರ್ಡೇ ನಡುಗುವಂತೆ ಕೂಗಿದರು. ಡಾಕ್ಟರು, ನರ್ಸುಗಳು, ಆಕ್ಸಿಜನ್ ಸಿಲಿಂಡರ್ ಎಲ್ಲ ಬಂದವು. ಡಾಕ್ಟರು ಬಗ್ಗಿ ನೋಡಿ, ಸೊಳ್ಳೆ ಕಚ್ಚಿದೆ ಎಂದರು. ಬಂದವರನ್ನು ಹಾಗೇ ಕಳಿಸಬಾರದೆಂದು ಕೆಂಪತ್ತೆ ಎಲ್ಲರಿಗೂ ಉಪ್ಪಿಟ್ಟು ಹಂಚಿದರು. ಗಂಟೆ ಕಳೆಯಿತು, ಗಂಧೆ ಏಳಲಿಲ್ಲ. ನರ್ಸಿನ ಕೈಗೆ ಎಲೆ ಅಡಿಕೆ ಇಟ್ಟು, "ನಮ್ ಕಡೆಯಿಂದ ಒಪ್ಗೆ ಕಣಮ್ಮ" ಎಂದರು. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಆ ಒಂದು ಗಂಟೆಯನ್ನು ಅವರು ಆಸ್ಪತ್ರೆಯಲ್ಲಿ ಬಿಟ್ಟು ಬರಲಿಲ್ಲ. ತ್ಯಾಮಗೊಂಡ್ಲಿನಲ್ಲಿ ಹೆಣ್ಣು ನೋಡಿ ಎದ್ದು ಹೊರಟವರನ್ನು ತಡೆದು, ಒಂದು ಗಂಟೆ ಕೂರಲೇಬೇಕು ಎಂದು ಪಟ್ಟು ಹಿಡಿದರಂತೆ. ಗಂಡನ್ನು ಹುಡುಗಿಯ ಎದುರು ಕೂರಿಸಿ, ತಾವು ಹುಡುಗಿಯ ಮುಖವನ್ನೇ ನೋಡುತ್ತ ಕೂತರಂತೆ. ಕಾಫಿ ತಣ್ಣಗಾಯಿತೆಂದು ಗಂಡು ತನ್ನ ತಾಯಿಯನ್ನು ಗದರಿದಾಗ ಹುಡುಗಿಯ ಮುಖ ಸಣ್ಣಗಾಯಿತು. "ಗಂಧೆ ಎದ್ದೈತೆ, ಬ್ಯಾಡ" ಎಂದು ಕೆಂಪತ್ತೆ ಎದ್ದೇಬಿಟ್ಟರು.

ಸಿರಿಗೆ ಗುಣವಾಯಿತು. ಎರಡು ಜಡೆ ಹಾಕುವಷ್ಟು ಕೂದಲು ಬಂದ ಮೇಲೆ ಸಾಸಲಿಗೆ ಕರೆದೊಯ್ದೆ. ಹೃದಯದ ತೊಂದರೆಯಿಂದ ಹಾಸಿಗೆ ಹಿಡಿದಿದ್ದ ಕೆಂಪತ್ತೆ ಜಡೆಗಳನ್ನು ಎಳೆದು ನೋಡಿ ನಕ್ಕರು. "ಇವಳ ಮದ್ವೆಗೆ ನಾನಿರಲ್ಲ ಕಣೇ. ಎಂಥಾ ರಾಜ್ಕುಮಾರನೇ ಬರ್ಲಿ, ಒಂದ್ ಗಂಟೆ ಕೂರ್ಸಿ ನೋಡು." ನಾನು ಸಿರಿಯ ಮುಂದಿನ ಹುಟ್ಟುಹಬ್ಬವನ್ನೂ ಯೋಚಿಸಲು ಹೆದರುತ್ತಿದ್ದ ದಿನಗಳಲ್ಲಿ, ಮದುವೆಯ ಮಾತಾಡಿದವರು ಅವರೊಬ್ಬರೇ.

ಮುಂದಿನ ಸಲ ಹೋದಾಗ ಕೆಂಪತ್ತೆಯನ್ನು ಹೂವಿನ ಹಾರ ಹಾಕಿ ಜಗಲಿಯ ಮೇಲೆ ಮಲಗಿಸಿದ್ದರು. ಸಿರಿ ಎದುರಿಗೆ ಕೂತು ಅವರ ಮುಖವನ್ನೇ ನೋಡುತ್ತಿದ್ದಳು. ಎತ್ತುವ ಹೊತ್ತಾಯಿತು, ಏಳು ಪುಟ್ಟಿ ಎಂದೆ.

"ಇನ್ನೂ ಒಂದ್ ಗಂಟೆ ಆಗಿಲ್ಲಮ್ಮ" ಎಂದಳು.