ವರ್ನಾ ಒಣಗಿಸಿದ ಮೈದಾನ

ಬೆಳಗಿನ ಐದೂವರೆ. ಟೇಬರ್ ಫಾಲ್ಸ್ ಊರಿನ ಬೇಸ್‌ಬಾಲ್ ಮೈದಾನದ ನಡುವೆ ವರ್ನಾ ಪ್ಲಾಶೆಕ್ ಮಂಡಿಯೂರಿ ಕೂತಿದ್ದಾರೆ. ಪಿಚರ್ ನಿಂತು ಚೆಂಡೆಸೆಯುವ ದಿಬ್ಬದಲ್ಲಿ ನಿನ್ನೆಯ ಆಟಕ್ಕೆ ಬಿದ್ದ ಗುಂಡಿಯೊಳಗೆ ಜೇಡಿಮಣ್ಣು ತುಂಬಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಕುಟ್ಟುತ್ತಾರೆ. ಅಂಗೈ ಒತ್ತಿ ನೋಡಿ, ತೃಪ್ತಿಯಾಗದೆ ಮತ್ತೆ ಕುಟ್ಟುತ್ತಾರೆ.

"ನಮ್ಮ ಪಿಚರ್ ಬಾಲ್ ಎಸೀತಾನೋ ಬಾವಿ ತೋಡ್ತಾನೋ ಒಂದೂ ಗೊತ್ತಾಗಲ್ಲ," ಎಂದು ಬೈಯುವಾಗಲೂ ಮುಖದಲ್ಲಿ ನಗುವಿದೆ. ಆ ಪಿಚರ್ ನಿನ್ನೆ ಊರಿಗೆ ಗೆಲುವು ತಂದಿದ್ದಾನೆ.

ಎಪ್ಪತ್ತೊಂದು ವರ್ಷದ ವರ್ನಾ ಈ ಮೈದಾನ ನೋಡಿಕೊಳ್ಳಲು ಶುರುಮಾಡಿ ಮೂವತ್ತೆಂಟು ವರ್ಷ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಇಲ್ಲಿ ನಲವತ್ತು ಆಟ ನಡೆಯುತ್ತವೆ. ಪ್ರತಿ ಆಟಕ್ಕೂ ಹೊಸದಾಗಿ ಸುಣ್ಣದ ಗೆರೆ ಬೀಳಬೇಕು. ಆಟಗಾರರು ಓಡಿ ಮುಟ್ಟುವ ಒಂದು ಬೇಸ್‌ನಿಂದ ಇನ್ನೊಂದಕ್ಕೆ ತೊಂಬತ್ತು ಅಡಿ. ನಿನ್ನೆ ತಾನೇ ಅಳೆದಿದ್ದರೂ ಇವತ್ತು ಮತ್ತೆ ಟೇಪು ಬಿಚ್ಚುತ್ತಾರೆ. ಕುಂಟೆ ಎಳೆಯುತ್ತಾ ದಿನಕ್ಕೆ ಆರು ಮೈಲಿ ನಡೆಯುತ್ತಾರೆ ಎನ್ನುತ್ತದೆ ಗಂಡ ಲೂಮಿರ್ ಕೊಡಿಸಿದ ಕೈಗಡಿಯಾರ. "ಅದರಲ್ಲಿ ಅರ್ಧ, ಮರೆತು ಬಂದ ಸಾಮಾನು ತರೋಕೆ ಹೋಗಿದ್ದು ಕಣಪ್ಪ," ಎನ್ನುತ್ತಾರೆ ವರ್ನಾ. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಡಾಕ್ಟರು ನೆಲದ ಮೇಲೆ ಕೂರಬೇಡಿ ಎಂದಿದ್ದಾರೆ. ಇವರು ಮಂಡಿಯ ಕೆಳಗೆ ಹಳೆಯ ದಿಂಬು ಹಾಕಿಕೊಳ್ಳುತ್ತಾರೆ.

ಬೇಸ್‌ಬಾಲ್ ಹುಚ್ಚು ಅಪ್ಪನಿಂದ ಬಂದದ್ದು. ಕಾರ್ಖಾನೆಯಲ್ಲಿ ಜೋಳ ಡಬ್ಬಿಗೆ ತುಂಬುತ್ತಿದ್ದ ಅಪ್ಪ ಸಂಜೆ ಪ್ಲಮ್ ಮರದ ಕೊಂಬೆಗೆ ರೇಡಿಯೋ ನೇತುಹಾಕಿ ಕಾಮೆಂಟರಿ ಕೇಳುತ್ತಿದ್ದರು. "ಆಗ ಹುಡುಗೀರಿಗೆ ತಂಡ ಇರ್ಲಿಲ್ಲ. ಬೇಲಿ ಆಚೆ ನಿಂತು, ಹಾರಿ ಬಂದ ಬಾಲೆಲ್ಲ ಹಿಡಿದು ವಾಪಸ್ ಎಸೀತಿದ್ದೆ. ಒಳಗಿದ್ದ ಹುಡುಗರಿಗಿಂತ ಜಾಸ್ತಿ ಕ್ಯಾಚ್ ನಂದೇ." ದೊಡ್ಡವರಾದ ಮೇಲೆ ತಾವೂ ಅದೇ ಕಾರ್ಖಾನೆ ಸೇರಿದರು. ಅದು ಮುಚ್ಚಿದ ವರ್ಷವೇ ಬೇಸ್‌ಬಾಲ್ ಕ್ಲಬ್ಬಿನ ಬಾಗಿಲಲ್ಲಿ 'ಮೈದಾನದ ಕೆಲಸಕ್ಕೆ ಗಟ್ಟಿಮುಟ್ಟಾದ ಗಂಡಸು ಬೇಕು' ಎಂಬ ಚೀಟಿ ಕಂಡಿತು. "ಒಂದು ತಿಂಗಳಾದ್ರೂ ಯಾವ ಗಂಡಸೂ ಬರ್ಲಿಲ್ಲ. ನಾನು ಹೋದೆ."

ಚಳಿಗಾಲದಲ್ಲಿ ಹೈಸ್ಕೂಲಿನ ಒಳಾಂಗಣದಲ್ಲಿ ಕುಸ್ತಿಯ ಚಾಪೆ ಒರೆಸುವುದೂ ಬ್ಯಾಸ್ಕೆಟ್‌ಬಾಲ್ ಅಂಕಣ ಗುಡಿಸುವುದೂ ಇವರದೇ ಕೆಲಸ. ಹೀಗಾಗಿ ಎಲ್ಲ ಆಟದ ಬಗ್ಗೆಯೂ ಇವರಿಗೊಂದು ಅಭಿಪ್ರಾಯವಿದೆ. "ಕುಸ್ತೀಲಿ ಸೋತ್ರೆ ಬೇರೆಯವರನ್ನ ಬೈಯೋ ಹಾಗಿಲ್ಲ, ಅದು ಒಳ್ಳೇದು. ಬ್ಯಾಸ್ಕೆಟ್‌ಬಾಲು ಚಂದ, ಆದ್ರೆ ಮುಂದಿರೋರು ಕೊನೇಲಿ ಬಾಲ್ ತಟ್ಟುತ್ತಾ ಟೈಮ್ ಕಳೀತಾರೆ. ಬೇಸ್‌ಬಾಲಲ್ಲಿ ಆ ಆಟ ನಡೆಯಲ್ಲ. ಎದುರಿನವರ ಕೊನೇ ಆಸಾಮೀನ ಔಟ್ ಮಾಡೋವರೆಗೂ ನೀನು ಗೆದ್ದಿಲ್ಲ."

ಮೂರು ವರ್ಷದ ಹಿಂದಿನ ಆಗಸ್ಟ್‌ನಲ್ಲಿ ಈ ಮಾತು ಅವರ ಕೊರಳಿಗೇ ಬಂತು. ಪಕ್ಕದ ನಾರ್ವೆಲ್ ಊರಿನ ಜೊತೆ ಫೈನಲ್, ಮಧ್ಯಾಹ್ನ ಮೂರಕ್ಕೆ. ಬೆಳಗಿನ ಗಾಳಿಮಳೆಗೆ, ನೆಲಕ್ಕೆ ಹೊದಿಸಿದ್ದ ಟಾರ್ಪಾಲು ಹರಿದು ಮೈದಾನ ಕೆರೆಯಾಗಿತ್ತು. ಅಂದು ಆಟ ನಡೆಯದಿದ್ದರೆ ಆ ವರ್ಷ ಹೆಚ್ಚು ಪಂದ್ಯ ಗೆದ್ದ ತಂಡಕ್ಕೆ ಕಪ್ ಎಂಬುದು ನಿಯಮ. ಹೆಚ್ಚು ಗೆದ್ದಿದ್ದು ಟೇಬರ್ ಫಾಲ್ಸ್. ಆಡಬಹುದೇ ಇಲ್ಲವೇ ಎಂದು ಅಂಪೈರ್ ಕೇಳುವುದು ವರ್ನಾ ಅವರನ್ನೇ.

ಒಂಬತ್ತು ಗಂಟೆಗೆ ತಂಡದ ಮ್ಯಾನೇಜರ್ ಗಸ್ ಟೆಲೀನ್ ಕಾಫಿ ಹಿಡಿದು ಬಂದ.

"ವರ್ನಾ, ಬಿಟ್ಬಿಡಿ. ಆಗಲ್ಲ ಅಂತ ಒಂದು ಮಾತು ಹೇಳಿ ಸಾಕು, ಕಪ್ ನಮ್ದೇ."

"ಕಪ್ ಕಂಡು ಹತ್ತೊಂಬತ್ತು ವರ್ಷ ಆಯ್ತು ಕಣೋ. ನಂಗೂ ಬೇಕು."

"ಮತ್ತೇನು?"

"ಮೂರು ಗಂಟೆಯೊಳಗೆ ಒಣಗುತ್ತೆ ಅಂತ ನಂಗೆ ಗೊತ್ತಿದೆಯಲ್ಲ ಗಸ್. ಗೊತ್ತಿಲ್ದೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು."

ಗಸ್ ಕಾಫಿಯನ್ನು ಬೇಲಿಗೂಟದ ಮೇಲಿಟ್ಟು ತಿರುಗಿ ನೋಡದೆ ಹೋದ. ವರ್ನಾ ಒಬ್ಬರೇ ಸ್ಪಂಜಿನಿಂದ ನೀರು ಹೀರಿ ಬಕೀಟಿಗೆ ಹಿಂಡತೊಡಗಿದರು. ಹನ್ನೊಂದಕ್ಕೆ ನಾರ್ವೆಲ್ ತಂಡದ ವ್ಯಾನು ಬಂತು. ಕೆಸರಲ್ಲಿ ಕೂತ ಮುದುಕಿಯನ್ನು ಕಂಡ ಆ ಹುಡುಗರು ಬೂಟು ಬಿಚ್ಚಿ ಬಕೀಟು ಹಿಡಿದರು. ಎದುರಾಳಿಗಳು ನೀರು ಹೊರುವುದನ್ನು ನೋಡಿ ನಾಚಿ ಊರಿನ ತಂಡವೂ ಇಳಿಯಿತು. ಕೊನೆಗೆ ಪ್ಯಾಂಟು ಮಡಚಿಕೊಂಡು ಗಸ್ ಬಂದ. ಲೂಮಿರ್ ಒಂದು ತಟ್ಟೆ ತುಂಬ ಕೊಲಾಚೆ ತಂದು, ಜಾಮು ಮೆತ್ತಿದ ಆ ಬನ್ನನ್ನು ಎರಡೂ ತಂಡಕ್ಕೆ ಹಂಚಿದರು. ಮೂರಕ್ಕೆ ಸರಿಯಾಗಿ ಆಟ ಶುರುವಾಯಿತು.

ಟೇಬರ್ ಫಾಲ್ಸ್ ನಾಲ್ಕು-ಮೂರರಿಂದ ಸೋತಿತು. ಕೊನೆಯ ಇನ್ನಿಂಗ್ಸ್‌ನಲ್ಲಿ ನಾರ್ವೆಲ್‌ನವನು ಹೊಡೆದ ಚೆಂಡು ಎಲ್ಲೂ ಪುಟಿಯದೆ, ಗೆರೆ ಎಳೆದ ಹಾಗೆ ಉರುಳಿ ಊರಿನ ತಂಡದ ಇಬ್ಬರು ಫೀಲ್ಡರುಗಳ ನಡುವೆ ನುಸುಳಿ, ಅವರಿಗೆ ಗೆಲುವಿನ ಓಟ ತಂದಿತು.

"ನೆಲದಲ್ಲಿ ಒಂದೇ ಒಂದು ಕಲ್ಲು ಉಳಿಸಿದ್ರೆ ನಾವು ಗೆಲ್ತಿದ್ವಿ ಕಣೇ," ಎಂದು ಲೂಮಿರ್ ಈಗಲೂ ಹೆಂಡತಿಯನ್ನು ಕೆಣಕುತ್ತಾರೆ.

"ನಿನ್ನ ತಲೇಲಿ ಬೇಕಾದಷ್ಟಿದ್ವಲ್ಲ, ಒಂದು ಕೊಟ್ಟಿರ್ಬೇಕಿತ್ತು."

ಅಂದು ಮಾತ್ರ ವರ್ನಾ ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಅತ್ತರಂತೆ. ಊರಲ್ಲಿ ಕೆಲವರು ಮಾತು ಬಿಟ್ಟರು. ಬೇಕರಿಯಲ್ಲಿ ಇವರ ಸರದಿ ಬಂದಾಗ ಎಲ್ಲರೂ ಸುಮ್ಮನಾಗುತ್ತಿದ್ದರು. "ಬೇಜಾರಾಯ್ತು. ಆದ್ರೆ ತಪ್ಪು ಮಾಡಿದೆ ಅಂತ ಅನ್ನಿಸ್ಲಿಲ್ಲ. ಸೋತ ಆಟ ಆದ್ರೂ ನೆನಪಲ್ಲಿರುತ್ತೆ, ಆಡದೇ ಇದ್ದ ಆಟ ಏನಂತ ನೆನೆಸ್ಕೊಳ್ಳೋದು?" ಮರುವರ್ಷ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೊದಲ ಬೆಳಗ್ಗೆ ಮೈದಾನಕ್ಕೆ ಬಂದರೆ, ಗಸ್ ಆಗಲೇ ಕುಂಟೆ ಹಿಡಿದು ನಿಂತಿದ್ದ. "ಎಲ್ಲಿಂದ ಶುರು ಮಾಡ್ಲಿ?" ಎಂದಷ್ಟೇ ಕೇಳಿದ.

ಕಪ್ ಇನ್ನೂ ಬಂದಿಲ್ಲ. ನಿನ್ನೆಯ ಗೆಲುವಿನಿಂದ ತಂಡ ಮತ್ತೆ ಫೈನಲ್ ಮುಟ್ಟಿದೆ. ಬರುವ ಶನಿವಾರ ಪಂದ್ಯ. ಏನಾದರೂ ಆಸೆ ಇದೆಯೇ ಎಂದರೆ ವರ್ನಾ ದಿಮ್ಮಸಿನ ಹಿಡಿಯ ಮೇಲೆ ಗಲ್ಲವೂರಿ ಯೋಚಿಸುತ್ತಾರೆ.

"ಒಂದು ಆಟಾನ ಪೂರ್ತಿ ಗ್ಯಾಲರೀಲಿ ಕೂತು ನೋಡ್ಬೇಕು, ಕೈಯಲ್ಲಿ ಬರೀ ಕಡಲೆಕಾಯಿ ಹಿಡ್ಕೊಂಡು," ಎನ್ನುತ್ತಾರೆ. ಕತ್ತೆತ್ತಿ ಪಶ್ಚಿಮದ ಕಡೆ ಒಮ್ಮೆ ನೋಡಿ ಸೇರಿಸುತ್ತಾರೆ: "ಆದ್ರೆ ಸೀಟು ಅಂಚಿಗೇ ಇರ್ಲಿ. ಮೋಡ ಬಂದ್ರೆ ಎದ್ದು ಓಡೋಕೆ ದಾರಿ ಬೇಕಲ್ಲ."