ಡ್ರೈವಿಂಗ್ ಮೇಡಂ ಮನೆಯ ತಳ್ಳುಗಾಡಿ

ನಮ್ಮ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನಕ್ಕೆ ಕಲಿಸಿದವಳು ನನ್ನ ತಮ್ಮನ ಹೆಂಡತಿ. ಹನ್ನೊಂದು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಾಳೆ. ಒಂದೇ ಕಾರು, ಒಬ್ಬಳೇ ಮೇಡಂ. ಅವಳು ಕೂರುವ ಪಕ್ಕದ ಸೀಟಿನ ಕಾಲಬುಡದಲ್ಲಿ ಇನ್ನೊಂದು ಬ್ರೇಕು ಇದೆ. ಕಲಿಯುವವರು ಏನೇ ಎಡವಟ್ಟು ಮಾಡಿದರೂ ಅವಳ ಪಾದ ಅದರ ಮೇಲೆ ಸಿದ್ಧವಾಗಿರುತ್ತದೆ. ಕಾರಿನೊಳಗೆ ಅವಳು ಯಾವತ್ತೂ ದನಿ ಏರಿಸಿದವಳಲ್ಲ. "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ" ಅನ್ನುತ್ತಾಳೆ ಅಷ್ಟೆ. ಬೈಸಿಕೊಂಡಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ ಎಂದು ಕಲಿತವರೆಲ್ಲ ಹೇಳುತ್ತಾರೆ. ನನಗೂ ಗೊತ್ತು, ನಾನೂ ಅವಳ ಹತ್ತಿರವೇ ಕಲಿತವಳು.

ಅವಳ ಕೈಯಲ್ಲಿ ಕಲಿಯದೆ ಉಳಿದವನು ಒಬ್ಬನೇ, ನನ್ನ ತಮ್ಮ. ಅವನಿಗೆ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ. ಮಧ್ಯಾಹ್ನ ಹೋಗಿ ಸಂಜೆ ಬರುತ್ತಾನೆ. ಡ್ರೈವಿಂಗ್ ಕಲಿಯಲು ಹೋಗಿಯೇ ಅವಳ ಪರಿಚಯವಾದದ್ದು. ಕಲಿಕೆ ಮುಗಿಯಲಿಲ್ಲ, ಮದುವೆಯಾಯಿತು. ಆಮೇಲೆ ಮೂರು ಸಲ ಲೈಸೆನ್ಸ್ ಪರೀಕ್ಷೆಗೆ ಕೂತ. ಮೊದಲ ಸಲ ಹ್ಯಾಂಡ್‌ಬ್ರೇಕ್ ಇಳಿಸದೆಯೇ ಮೈದಾನ ಪೂರ್ತಿ ಹೊಗೆ ಮಾಡಿದ. ಎರಡನೇ ಸಲ ಚೆನ್ನಾಗಿಯೇ ಓಡಿಸಿದ, ಆದರೆ ನಿಲ್ಲಿಸುವ ಜಾಗ ಬಂದರೂ ನಿಲ್ಲಿಸದೆ ಗೇಟು ದಾಟಿ ಹೋಗಿಬಿಟ್ಟ. ಮೂರನೇ ಸಲ ಅರ್ಧ ದಾರಿಯಲ್ಲಿ ಕೀಲಿ ತೆಗೆದು ಪರೀಕ್ಷಕರ ಕೈಗೇ ಕೊಟ್ಟು, "ನೀವೇ ಓಡಿಸ್ಬಿಡಿ ಸಾರ್, ನನಗೆ ಭಯ" ಅಂದ. ಅವತ್ತು ಅವಳು "ಪರವಾಗಿಲ್ಲ" ಅಂದಳು. "ಇನ್ನೊಂದ್ಸಲ ನೋಡೋಣ" ಅನ್ನಲಿಲ್ಲ.

ಅವರ ಮಗಳಿಗೆ ಆಗ ಎರಡೂಕಾಲು ವರ್ಷ. ದನಿ ಕೇಳಿದವರು ಯಾರೋ ಜೀರುಂಡೆ ಅಂದರು, ಹೆಸರು ಅಂಟಿಕೊಂಡಿತು. ಜೀರುಂಡೆ ನಲವತ್ತು ಹೆಜ್ಜೆ ನಡೆಯುತ್ತಾಳೆ. ನಲವತ್ತೊಂದನೆಯದು ಇಡುವುದಿಲ್ಲ. ರಸ್ತೆ ಮಧ್ಯವೋ ಅಂಗಡಿ ಬಾಗಿಲೋ ನೋಡದೆ ಮುಷ್ಕರ ಹೂಡಿದವಳಂತೆ ಕೂತುಬಿಡುತ್ತಾಳೆ. ಎತ್ತಿಕೊಂಡರೆ ಇಳಿಸು ಎಂದು, ಇಳಿಸಿದರೆ ಎತ್ತಿಕೋ ಎಂದು ಗಲಾಟೆ. ಅವಳ ಹಳೆಯ ತಳ್ಳುಗಾಡಿಯ ಒಂದು ಚಕ್ರ ಕಳಚಿ ಎಲ್ಲಿಗೆ ಉರುಳಿತೋ ಇವತ್ತಿನವರೆಗೂ ಸಿಕ್ಕಿಲ್ಲ. ಅಷ್ಟರಲ್ಲಿ ನನ್ನ ತಮ್ಮನ ಹೆಂಡತಿಗೆ ಎರಡನೆಯದು ಎಂಟು ತಿಂಗಳು ತುಂಬಿತು.

"ಅತ್ತಿಗೆ, ಭಾನುವಾರ ಬಿಡುವು ಮಾಡ್ಕೊಳ್ಳಿ" ಎಂದು ಅವಳು ನನಗೆ ಹೇಳಿದಳು. ಅವರು ಎರಡನೇ ಮಹಡಿ, ನಾನು ಕೆಳಗಿನ ಮನೆ, ನಡುವೆ ಲಿಫ್ಟಿಲ್ಲದ ಮೂವತ್ತಾರು ಮೆಟ್ಟಿಲು. "ಇಬ್ಬರನ್ನೂ ಕೂರಿಸೋ ಗಾಡಿ ತಗೋಬೇಕು. ನಾನೇ ಓಡ್ಸಿ ನೋಡಿ ತಗೋತೀನಿ. ಅಂಗಡಿಯವರ ಮಾತು ಕೇಳಿ ಗಾಡಿ ತಗೊಂಡವರ ಪಾಡು ನಾನು ದಿನಾ ನೋಡ್ತೀನಲ್ಲ."

ಭಾನುವಾರ ನಾಲ್ವರೂ ಹೊರಟೆವು. ದಾರಿಯಲ್ಲಿ ತರಕಾರಿಯವನ ಹತ್ತಿರ ಒಂದು ಒಳ್ಳೆಯ ಕುಂಬಳಕಾಯಿ ಕಂಡಿತು. ನಾಲ್ಕು ಕೆಜಿ ಚಿಲ್ಲರೆ ತೂಗಿತು. ವಾಪಸ್ಸು ಬರುವಾಗ ತಗೋ ಅಂದ ತಮ್ಮ. ಅಷ್ಟರಲ್ಲಿ ಖರ್ಚಾಗಿಬಿಟ್ಟರೆ ಎಂದು ನಾನು ಚೀಲಕ್ಕೆ ಹಾಕಿಸಿಯೇಬಿಟ್ಟೆ. ಆಮೇಲೆ ಆದದ್ದಕ್ಕೆಲ್ಲ ನನ್ನ ಈ ದುರಾಸೆಯೇ ಕಾರಣ.

ಮಕ್ಕಳ ಸಾಮಾನಿನ ಅಂಗಡಿ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಒಂದು ಕಡೆ ಹಾಲಿನ ಪುಡಿಯ ಡಬ್ಬಿಗಳು, ಇನ್ನೊಂದು ಕಡೆ ತೊಟ್ಟಿಲು, ಕುರ್ಚಿ, ಕೊನೆಯಲ್ಲಿ ಗಾಡಿಗಳ ಸಾಲು. ಮಾಲೀಕರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡ ಹಿರಿಯರು. ತುಂಬಿದ ಬಸುರಿಯನ್ನು ಕಂಡು ಎದ್ದು ನಿಂತರು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಯಾವ ಬಣ್ಣ ಬೇಕು?"

"ಬಣ್ಣ ಆಮೇಲೆ. ಬ್ರೇಕು ಎಷ್ಟು ಚಕ್ರಕ್ಕಿದೆ?"

ಮಾಲೀಕರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು.

ಮೊದಲು ಬಂದದ್ದು ಅಕ್ಕಪಕ್ಕ ಎರಡು ಸೀಟಿನ ಗಾಡಿ. ನೀಲಿ ಬಟ್ಟೆ, ಎರಡು ಕೊಡೆ, ಎರಡು ಲೋಟ ಇಡುವ ಜಾಗ. ನೋಡಲು ಸಣ್ಣ ಸೋಫಾದಂತಿತ್ತು. ಜೀರುಂಡೆಯನ್ನು ಒಂದರಲ್ಲಿ ಕೂರಿಸಿದರು. ಇನ್ನೊಂದು ಖಾಲಿ.

"ಖಾಲಿ ಗಾಡಿ ಓಡ್ಸಿ ಏನ್ ಪ್ರಯೋಜನ? ಲೋಡ್ ಬೇಕು" ಅಂದಳು ಮೇಡಂ. ಸುತ್ತಲೂ ನೋಡಿದಳು. ಅವಳ ಕಣ್ಣು ನನ್ನ ಚೀಲದ ಮೇಲೆ ನಿಂತಿತು. "ಅತ್ತಿಗೆ, ಅದು ಎಷ್ಟು ತೂಗತ್ತೆ?"

ಹೀಗೆ ನನ್ನ ಕುಂಬಳಕಾಯಿ ಎರಡನೇ ಸೀಟು ಹತ್ತಿತು. ಮೇಡಂ ಅದಕ್ಕೆ ಬೆಲ್ಟು ಹಾಕಿದಳು. ಜೀರುಂಡೆ ಪಕ್ಕಕ್ಕೆ ತಿರುಗಿ ಅದನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ವಾರದಿಂದ ಎಲ್ಲರೂ ಅವಳಿಗೆ "ನಿನ್ ಪಕ್ಕದಲ್ಲಿ ಪಾಪು ಕೂರತ್ತೆ" ಎಂದು ಹೇಳಿಹೇಳಿ ಇಟ್ಟಿದ್ದರು. ಮೆಲ್ಲಗೆ ಕೈ ಚಾಚಿ ಅದರ ನೆತ್ತಿ ಸವರಿ, "ಪಾಪು" ಅಂದಳು. ನಾವು ನಕ್ಕೆವು. ಆಗಲೇ ಇದು ಪಾಪು ಅಲ್ಲ ಎಂದು ಹೇಳಿಬಿಡಬೇಕಾಗಿತ್ತು.

ಮೇಡಂ ಕಪಾಟಿನಿಂದ ಹಾಲಿನ ಪುಡಿಯ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ನನ್ನ ಕೈಗೆ ಕೊಟ್ಟು ನೆಲದ ಮೇಲೆ ಸಾಲಾಗಿ ಇಡಿಸತೊಡಗಿದಳು. ಬಗ್ಗಲು ಆಗುತ್ತಿರಲಿಲ್ಲ, ಕಾಲಿನಿಂದಲೇ ಸರಿಮಾಡಿದಳು. ಮಾಲೀಕರು, "ಅಮ್ಮ, ಎಷ್ಟು ಡಬ್ಬಿ ಬೇಕು, ನಾನೇ ಪ್ಯಾಕ್ ಮಾಡ್ತೀನಿ" ಅಂದರು.

"ಬೇಡ, ಇದು ಎಂಟು" ಅಂದಳು ಅವಳು. ಡಬ್ಬಿ ಎಂಟಿರಲಿಲ್ಲ, ಹನ್ನೆರಡಿದ್ದವು. ಗಾಡಿಯನ್ನು ಎಂಟರ ಆಕಾರದಲ್ಲಿ ಸುತ್ತಿಸುವ, ಲೈಸೆನ್ಸಿಗೆ ಹೋದವರಿಗೆ ಮಾತ್ರ ಅರ್ಥವಾಗುವ ಎಂಟು ಅದು. ನನ್ನ ತಮ್ಮನಿಗೆ ಚೆನ್ನಾಗಿಯೇ ಅರ್ಥವಾಯಿತು.

"ರೀ, ಬನ್ನಿ. ನನಗೆ ಈ ಹೊಟ್ಟೆ ಇಟ್ಕೊಂಡು ಹಿಡಿಕೆ ಎಟುಕಲ್ಲ. ನೀವು ಓಡ್ಸಿ, ನಾನು ಗಾಡಿ ನೋಡ್ತೀನಿ."

ಪಾಪ, ಅವನು ಹಿಡಿಕೆ ಹಿಡಿದ. ಬೆರಳ ಗಂಟುಗಳು ಬಿಳಿಚಿಕೊಂಡವು.

"ಅಷ್ಟು ಬಿಗಿಯಾಗಿ ಹಿಡೀಬೇಡಿ. ದೂರ ನೋಡಿ. ಚಕ್ರ ನೋಡ್ಬೇಡಿ. ಚಕ್ರ ನೋಡ್ತಿದ್ದೀರಿ."

ಮೊದಲ ತಿರುವಿಗೇ ಎರಡು ಡಬ್ಬಿ ಉರುಳಿದವು. ಎರಡನೇ ತಿರುವಿಗೆ ಗಾಡಿ ತೊಟ್ಟಿಲಿಗೂ ಕಪಾಟಿಗೂ ನಡುವೆ ಸಿಕ್ಕಿಕೊಂಡು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಇಷ್ಟು ಹೊತ್ತಿಗೆ ಇನ್ನಿಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಅವರಲ್ಲೊಬ್ಬರು ಮೇಡಂ ಕೈಲಿ ಕಲಿತವರು, ಅವಳನ್ನು ಕಂಡು ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಂತರು.

"ಗಾಡಿ ಅಗಲ ಜಾಸ್ತಿ" ಎಂದು ಮೇಡಂ ತೀರ್ಪು ಕೊಟ್ಟಳು. ತಪ್ಪು ಗಾಡಿಯದ್ದು ಎಂದು ಕೇಳಿ ತಮ್ಮ ಉಸಿರು ಬಿಟ್ಟ.

ಮುಂದಿನದು ಒಬ್ಬರ ಹಿಂದೆ ಒಬ್ಬರು ಕೂರುವಂಥದ್ದು. ಅಗಲ ಕಮ್ಮಿ, ಉದ್ದ ಮಾತ್ರ ಕೇಳಬೇಡಿ. ಕುಂಬಳಕಾಯಿ ಮುಂದೆ, ಜೀರುಂಡೆ ಹಿಂದೆ. ಕಣ್ಣೆದುರಿಗೆ ಬರೀ ಸೀಟಿನ ಬೆನ್ನು ಕಂಡು ಜೀರುಂಡೆ ಪಾಪು ಎಲ್ಲಿ, ಪಾಪು ಎಲ್ಲಿ ಎಂದು ಕಿರುಚಿಕೊಂಡಳು. ಆ ದನಿಗೆ ತಮ್ಮ ಗಾಬರಿಯಾಗಿ ಎಂಟನ್ನು ಅರ್ಧಕ್ಕೇ ಬಿಟ್ಟು ನೇರ ಬಾಗಿಲಿಗೆ ಹೋದ. ಬಾಗಿಲಲ್ಲಿ ಒಂದು ಮೆಟ್ಟಿಲು.

"ಮುಂದಿನ ಚಕ್ರ ಎತ್ತಿ!" ಅಂದಳು ಮೇಡಂ.

ಅವನು ಗಡಿಬಿಡಿಯಲ್ಲಿ ಹಿಂದಿನ ಚಕ್ರ ಎತ್ತಿದ. ಗಾಡಿ ಮುಂದಕ್ಕೆ ಮುಗ್ಗರಿಸಿತು. ಈ ಗಾಡಿಯಲ್ಲಿ ಕುಂಬಳಕಾಯಿಗೆ ಬೆಲ್ಟು ಹಾಕಿದ್ದು ನಾನು, ಅಂದರೆ ಹಾಕಿರಲಿಲ್ಲ. ಅದು ಸೀಟಿನಿಂದ ಜಾರಿ, ಮೆಟ್ಟಿಲ ಮೇಲೆ ಧಡ್ ಎಂದು ಬಿದ್ದು, ಉರುಳಿಕೊಂಡು ಹೋಯಿತು.

ಅದು ತರಕಾರಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಗಿರಾಕಿಗಳಿಬ್ಬರೂ "ಅಯ್ಯೋ!" ಅಂದರು. ಮೇಡಂ ಬಲಗಾಲು ಬರಿಯ ನೆಲವನ್ನು ಬ್ರೇಕಿನಂತೆ ಒತ್ತಿ ಹಿಡಿಯಿತು. ಮಾಲೀಕರು ಆ ವಯಸ್ಸಿನಲ್ಲಿ ಹೊರಗೆ ಓಡಿ, ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ತಿರುಗಿಸಿ ನೋಡಿ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ನನ್ನ ತಮ್ಮನಿಗೆ ಸಮಾಧಾನ ಹೇಳಿದರು. ಜೀರುಂಡೆ ಮಾತ್ರ ಸೀಟಿನಿಂದ ಎರಡೂ ಕೈ ಚಾಚಿ ಅಳುತ್ತಿದ್ದಳು.

"ಪರವಾಗಿಲ್ಲ" ಅಂದಳು ಮೇಡಂ. ಮೆಲುದನಿಯಲ್ಲಿ.

ನನ್ನ ತಮ್ಮ ಅವತ್ತಿನವರೆಗೆ ಹೆಂಡತಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವನು ಗಾಡಿಯನ್ನು ಗೋಡೆ ಬದಿಗೆ ನಿಲ್ಲಿಸಿ, ಮಗಳನ್ನು ಇಳಿಸಿ, ಕುಂಬಳಕಾಯಿಯನ್ನು ಅವಳ ಮಡಿಲಿಗೆ ಕೊಟ್ಟು ಕೇಳಿದ.

"ಒಂದ್ ಮಾತು. ಈ ಗಾಡಿ ದಿನಾ ತಳ್ಳೋರು ಯಾರು?"

"ಅದೇನ್ ಪ್ರಶ್ನೆ?"

"ಅಲ್ಲ, ಹೇಳು. ಮೂರು ತಿಂಗಳಾದ್ಮೇಲೆ ನೀನು ಬೆಳಿಗ್ಗೆ ಏಳಕ್ಕೆ ಕ್ಲಾಸಿಗೆ ಹೋಗ್ತೀಯ. ಮಧ್ಯಾಹ್ನದವರೆಗೆ ಮಕ್ಕಳು ನನ್ ಹತ್ರ. ಮೂವತ್ತಾರು ಮೆಟ್ಟಿಲು ಈ ರೈಲನ್ನ ಇಳಿಸಬೇಕಾದವನು ನಾನು. ನೀನು ಬ್ರೇಕು ಕೇಳಿದೆ, ಅಗಲ ಕೇಳಿದೆ. ನನ್ನ ಕೇಳಿದ್ಯಾ?"

ಮೇಡಂ ಕೈಲಿ ಕಲಿತಿದ್ದ ಗಿರಾಕಿ ನೆಲ ನೋಡತೊಡಗಿದರು. ಕಾರಿನಲ್ಲಿ ಸಾವಿರ ಜನರ ತಪ್ಪು ತೋರಿಸಿದವಳಿಗೆ ತನ್ನದೊಂದು ತಪ್ಪು ತೋರಿಸಿಕೊಟ್ಟರೆ ಹೇಗಿರುತ್ತದೆ ಎಂದು ನಾನು ಕುತೂಹಲದಿಂದ ನೋಡಿದೆ. ಅವಳು ಕುರ್ಚಿಯೊಂದನ್ನು ಎಳೆದುಕೊಂಡು ನಿಧಾನವಾಗಿ ಕೂತಳು.

"ಇಲ್ಲ, ಕೇಳಿಲ್ಲ" ಅಂದಳು. "ನಿಮಗೆ ಯಾವ್ದು ಬೇಕು?"

ಅವನು ಮೊದಲೇ ನೋಡಿಟ್ಟಿದ್ದ. ಮೂಲೆಯಲ್ಲಿ ತೊಟ್ಟಿಲ ಹಿಂದೆ ಬೂದು ಬಣ್ಣದ ಒಂಟಿ ಸೀಟಿನ ಗಾಡಿ ಇತ್ತು. ಸೀಟು ಪೂರ್ತಿ ಮಲಗುತ್ತಿತ್ತು, ಎಳೆಗೂಸಿಗೂ ಆಗುತ್ತಿತ್ತು. ಹಿಡಿಕೆಯ ಕೆಳಗೆ, ಹಿಂದಿನ ಚಕ್ರಗಳ ನಡುವೆ, ದೊಡ್ಡ ಮಗು ನಿಲ್ಲಲು ಒಂದು ಹಲಗೆ. ಒಂದೇ ಕೈಯಲ್ಲಿ ಮಡಚಿ ಎತ್ತಬಹುದು.

"ನಿಂತ್ಕೊಂಡು ಹೋಗೋದಾ? ಬೆಲ್ಟಿಲ್ಲದೆ?" ಮೇಡಂ ಎದ್ದೇಬಿಟ್ಟಳು.

"ಅವಳು ಕೂತ್ಕೊಂಡಿರೋದು ಯಾವತ್ತಾದ್ರೂ ನೋಡಿದ್ಯಾ? ನಲವತ್ತು ಹೆಜ್ಜೆ ನಡೀತಾಳೆ, ಸುಸ್ತಾದ್ರೆ ಹತ್ತುತಾಳೆ, ಬೇಜಾರಾದ್ರೆ ಇಳೀತಾಳೆ. ನನ್ ಎರಡು ಕೈ ನಡುವೆನೇ ಇರ್ತಾಳೆ. ಬೀಳೋದಾದ್ರೂ ನನ್ ಮೇಲೇ ಬೀಳ್ಬೇಕು."

ವಾದ ಮುಂದುವರಿಯುತ್ತಿತ್ತೋ ಏನೋ, ಅಷ್ಟರಲ್ಲಿ ಜೀರುಂಡೆ ಕುಂಬಳಕಾಯಿಯನ್ನು ಉರುಳಿಸಿಕೊಂಡು ಹೋಗಿ ಗಾಡಿಯ ಮುಂದೆ ನಿಂತು, "ಪಾಪು ಹತ್ಸು" ಎಂದು ಅಪ್ಪಣೆ ಮಾಡಿದಳು. ಮಾಲೀಕರೇ ಹತ್ತಿಸಿದರು, ಈ ಸಲ ಬೆಲ್ಟನ್ನೂ ಅವರೇ ಹಾಕಿದರು. ಜೀರುಂಡೆ ಹಲಗೆ ಹತ್ತಿ, ಕಂಬಿ ಹಿಡಿದು, ಕುಂಬಳಕಾಯಿಯ ಮೇಲಿನಿಂದ ಮುಂದಕ್ಕೆ ನೋಡುತ್ತ, "ರೈಟ್!" ಅಂದಳು. ಎಲ್ಲಿ ಕಲಿತಳೋ.

ತಮ್ಮ ಹೊರಟ. ಪುಸ್ತಕಕ್ಕೆ ಅಂಟು ಸವರುವಾಗಿನ ಅವನ ನಿಧಾನ ನೀವು ನೋಡಿರಬೇಕು, ಅದೇ ನಿಧಾನ. ಬಿದ್ದ ಡಬ್ಬಿಗಳನ್ನು ಮಾಲೀಕರು ಮತ್ತೆ ನಿಲ್ಲಿಸಿದ್ದರು. ಮೇಡಂ ಬಾಯಿ ತೆರೆದು ಮುಚ್ಚಿದಳು, ಮತ್ತೆ ತೆರೆದು ಮತ್ತೆ ಮುಚ್ಚಿದಳು. ಒಂದು ಡಬ್ಬಿಯೂ ಅಲುಗದೆ ಎಂಟು ಮುಗಿಯಿತು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮೇಡಂ ಸೊಂಟ ಹಿಡಿದುಕೊಂಡೇ ಬಂದು ಮೂರು ಸಲ ಬ್ರೇಕು ಒತ್ತಿ ನೋಡಿ, "ಪ್ಯಾಕ್ ಮಾಡ್ಬೇಡಿ, ಹೀಗೇ ತಳ್ಕೊಂಡು ಹೋಗ್ತಾರೆ" ಅಂದಳು.

ಮನೆಯ ಹತ್ತಿರ ನಾನು ನನ್ನ ಕುಂಬಳಕಾಯಿ ಕೇಳಿದಾಗ ಇಡೀ ಬೀದಿಗೆ ಕೇಳಿಸುವಂತೆ ಜೀರುಂಡೆ ಕಿರುಚಿದಳು. ಅತ್ತೆ ಪಾಪುವನ್ನು ಕದಿಯುತ್ತಿದ್ದಾಳೆ ಎಂಬ ಕೂಗಿಗೆ ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನಾನು ಬರಿಗೈಯಲ್ಲಿ ಒಳಗೆ ಹೋದೆ. ಮೂರು ವಾರ ಅದು ಉಲ್ಲನ್ ಟೋಪಿ ಹಾಕಿಕೊಂಡು ಮೇಲಿನ ಮನೆಯಲ್ಲಿ ಸಂಸಾರ ಮಾಡಿತು. ದಿನಾ ಬೆಳಿಗ್ಗೆ ತಮ್ಮ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಮೆಟ್ಟಿಲು ಇಳಿದು, ಸುತ್ತು ಹಾಕಿ ಬರಬೇಕು. ಅಭ್ಯಾಸವಾಗುತ್ತದಲ್ಲ, ಇರಲಿ ಎಂದು ಅವನೂ ಸುಮ್ಮನಿದ್ದ. ದಾರಿಯಲ್ಲಿ ಯಾರೋ ಅಜ್ಜಿ ಮಗು ನೋಡಲು ಬಗ್ಗಿ, ನೋಡಿ, ಏನೂ ಹೇಳದೆ ಹೋದರಂತೆ.

ಹೆರಿಗೆಗೆ ಎರಡು ದಿನ ಮೊದಲು ಕುಂಬಳಕಾಯಿ ಒಂದು ಬದಿಯಲ್ಲಿ ಮೆತ್ತಗಾಯಿತು. ತಮ್ಮ ಅದನ್ನು ಸದ್ದಿಲ್ಲದೆ ಸಾಗಿಸಿ, ಅದು ಅದರ ಅಮ್ಮನ ಮನೆಗೆ ಹೋಯಿತು ಎಂದು ಮಗಳಿಗೆ ಹೇಳಿದ. ಜೀರುಂಡೆ ಸ್ವಲ್ಪ ಯೋಚಿಸಿ, "ಯಾರ್ ತಳ್ಕೊಂಡ್ ಹೋದ್ರು?" ಎಂದು ಕೇಳಿದಳು.

ಆಸ್ಪತ್ರೆಯಿಂದ ಜೀರುಂಡೆಯ ಪುಟ್ಟ ತಮ್ಮನನ್ನು ಮನೆಗೆ ತಂದಾಗ ಅವಳು ಬಹಳ ಹೊತ್ತು ನೋಡಿದಳು. ಅವನು ಅಳತೊಡಗಿದ. "ಇದು ಬೇಡ, ಸದ್ದು ಮಾಡತ್ತೆ" ಎಂದು ಜೀರುಂಡೆ ಹೇಳಿದ್ದನ್ನು ಕೇಳಿ ನಮಗೆ ನಕ್ಕು ಸಾಕಾಯಿತು. ಆದರೂ ಒಂದೂವರೆ ತಿಂಗಳಿಗೆ ಅವನನ್ನು ಗಾಡಿಯಲ್ಲಿ ಮಲಗಿಸಿದಾಗ ತಾನೇ ಹೋಗಿ ಹಲಗೆ ಹತ್ತಿದಳು.

ಮೇಡಂ ಮತ್ತೆ ಕೆಲಸಕ್ಕೆ ಸೇರಿದ ವಾರ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಕಲಿಯುವ ಹೆಂಗಸೊಬ್ಬರು ಕಾರು ಓಡಿಸುತ್ತಿದ್ದರು. ಮುಂದೆ ಒಂದು ಗಾಡಿ ರಸ್ತೆ ದಾಟುತ್ತಿತ್ತು. ನಡು ರಸ್ತೆಯಲ್ಲಿ ಹಲಗೆಯ ಮೇಲಿದ್ದ ಹುಡುಗಿ ಇಳಿದಳು, ಏನೋ ಎತ್ತಿಕೊಂಡಳು, ಮತ್ತೆ ಹತ್ತಿದಳು. ತಳ್ಳುವವನು ಅವಸರವಿಲ್ಲದೆ ಕಾದು, ಅತ್ತ ನೋಡಿ, ಇತ್ತ ನೋಡಿ ಹೊರಟ. ಕಲಿಯುವವರು ಬೇಸತ್ತು ಹಾರ್ನಿಗೆ ಕೈ ಹಾಕಿದರು. ಮೇಡಂ ಆ ಕೈ ಹಿಡಿದಳು.

"'ಒತ್ತಬೇಡಿ. ಅವರು ಸರಿಯಾಗೇ ಹೋಗ್ತಿದ್ದಾರೆ' ಅಂದೆ ಅತ್ತಿಗೆ" ಎಂದು ಹೇಳಿ, ಚಹಾ ಲೋಟ ಕೆಳಗಿಟ್ಟು ಸೇರಿಸಿದಳು, "ಆದ್ರೂ ಅಷ್ಟು ನಿಧಾನ ಬೇಕಾಗಿರ್ಲಿಲ್ಲ."